ಇಲಿಯಿಂದ ಬೀಟಾ ಎಚ್‌ಸಿಜಿವರೆಗೆ

ನಮ್ಮ ನಾಂಪಲ್ಲಿ ಪಕ್ಕದ ರೆಡ್ ಹಿಲ್ಸ್‌ನಲ್ಲಿರುವ ನಿಲೋಫರ್ ಆಸ್ಪತ್ರೆ ಶುರುವಾದದ್ದು 1953ರಲ್ಲಿ. ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಾಗ ನೊಂದ ರಾಜಕುಮಾರಿ ನಿಲೋಫರ್ ಅವರ ಹೆಸರು ಅದಕ್ಕಿದೆ. ಆಗ ಬೀದರ್, ಕಲಬುರಗಿ, ರಾಯಚೂರಿಗೂ ಹೈದರಾಬಾದೇ ರಾಜಧಾನಿ. ಅಲ್ಲಿನ ಅಜ್ಜಿಯರಿಗೆ ಮುಟ್ಟು ನಿಂತದ್ದೇ ಪರೀಕ್ಷೆ, ವಾಂತಿಯೇ ವರದಿ.

ಪ್ರಯೋಗಾಲಯದ ಕಥೆ ಬೇರೆ. 1927ರಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಝೊಂಡೆಕ್, ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅವನ್ನು ಕೊಯ್ದು ಅಂಡಾಶಯ ನೋಡುತ್ತಿದ್ದರು. 1972ರಲ್ಲಿ ಅಮೆರಿಕದ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಈ ಹಾರ್ಮೋನಿನ ಬೀಟಾ ಭಾಗವನ್ನೇ ಗುರುತಿಸಿ ಅಳೆಯುವ ರಕ್ತಪರೀಕ್ಷೆ ಕೊಟ್ಟರು. ಅದನ್ನು ಹೋಲುವ ಎಲ್‌ಎಚ್ ಹಾರ್ಮೋನಿನ ಗೊಂದಲ ತಪ್ಪಿತು.

ಮದುವೆಯಾದ ನಾಲ್ಕನೇ ವರ್ಷ ನನ್ನ ವರದಿಯಲ್ಲಿ 18 ಎಂದಿತ್ತು. ಸಾಫ್ಟ್‌ವೇರ್‌ನವಳಾದ ನನಗೆ ಸೊನ್ನೆಯೋ ಒಂದೋ ಬೇಕು. ಇಲ್ಲಿ ಹಾಗಲ್ಲ: ಸಾಮಾನ್ಯವಾಗಿ 5ಕ್ಕಿಂತ ಕಡಿಮೆಯಿದ್ದರೆ ಇಲ್ಲ, 25 ದಾಟಿದರೆ ಹೌದು, ನಡುವಿನದು ಕಾಯಬೇಕಾದದ್ದು. 48 ಗಂಟೆ ಬಿಟ್ಟು ಮತ್ತೆ ರಕ್ತ ಕೊಟ್ಟೆ; 9 ಬಂತು. ಆ ಸಲ ಗರ್ಭ ನಿಲ್ಲಲಿಲ್ಲ.

ಗೆಳತಿಯರೇ, ಒಂದೇ ಅಂಕಿಯಿಂದ ಏನನ್ನೂ ತೀರ್ಮಾನಿಸಬೇಡಿ. ಆರಂಭದ ವಾರಗಳಲ್ಲಿ ಅದು ಸುಮಾರು ಎರಡು–ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತನೇ ವಾರದ ಸುಮಾರಿಗೆ ತುದಿ ಮುಟ್ಟಿ ಇಳಿಯುತ್ತದೆ. ಎರಡನೇ ಪರೀಕ್ಷೆಯೂ ಅದೇ ಲ್ಯಾಬಿನಲ್ಲಿರಲಿ. ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು ಇದ್ದರೆ ವರದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ವರದಿ ತರಲು ಮಾತ್ರ ಯಾರೂ ಒಬ್ಬರೇ ಹೋಗಬೇಡಿ.