ಗಾಡಿ ಕುಡಿದ ಪೆಟ್ರೋಲಿನ ಲೆಕ್ಕ

ಯಾರಾದರೂ ಹೊಸ ಗಾಡಿ ತಂದರೆ ನಾವು ಮೊದಲು ಕೇಳುವುದು ಅದರ ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ, "ಲೀಟರಿಗೆ ಎಷ್ಟು ಕೊಡುತ್ತೆ?" ಎಂದು. ಹಸು ಕೊಂಡವರನ್ನು "ಹೊತ್ತಿಗೆ ಎಷ್ಟು ಕರೆಯುತ್ತೆ?" ಎಂದು ಕೇಳಿದ ಹಾಗೆಯೇ. ಈ ಪ್ರಶ್ನೆ ಗಾಡಿಯಷ್ಟೇ ಹಳೆಯದೆಂದು ತೋರುತ್ತದೆ. ಹಾಗೇನಿಲ್ಲ. ಅದಕ್ಕೂ ಒಂದು ಹುಟ್ಟಿದ ಕಾಲವಿದೆ, ಅದು ನಮ್ಮ ಮನೆಗಳ ಲೆಕ್ಕದ ಪುಸ್ತಕದೊಳಕ್ಕೆ ಬಂದು ಕೂತ ಕಾಲವೂ ಇದೆ.

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹಿಂದಿನಿಂದಲೂ ಪೇಟೆಯೂರು. ದವಸಧಾನ್ಯದ ವ್ಯಾಪಾರಕ್ಕೆ ಒಂದು ಕಾಲಕ್ಕೆ ಹೆಸರಾದದ್ದು. ಅಂಥ ಊರಿನಲ್ಲಿ ಎತ್ತು ಎಷ್ಟು ತಿನ್ನುತ್ತದೆ, ತಿಂದದ್ದಕ್ಕೆ ಎಷ್ಟು ಎಳೆಯುತ್ತದೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತಿಂದಷ್ಟು ದುಡಿಯದ ಎತ್ತನ್ನು ಮುಂದಿನ ಸಂತೆಗೆ ಹೊಡೆದುಬಿಡುತ್ತಿದ್ದರು. ಆದರೆ ಅದೇ ಬೀದಿಗೆ ಮೋಟಾರು ಸೈಕಲ್ಲು ಬಂದಾಗ ಈ ಲೆಕ್ಕವನ್ನು ಯಾರೂ ಕೇಳಲಿಲ್ಲ. ಗಾಡಿ ಇದ್ದವರೇ ಬೆರಳೆಣಿಕೆಯಷ್ಟು ಮಂದಿ. ಇದ್ದವರು ಯಾರಿಗೂ ಲೆಕ್ಕ ಒಪ್ಪಿಸುವವರಲ್ಲ.

ನಮ್ಮ ಹಳೇ ಮೈಸೂರಿನ ಕಡೆ ಮೋಟಾರು ಸೈಕಲ್ಲೆಂದರೆ ಬಹುಕಾಲ ಎರಡು ಹೆಸರು: ಬುಲೆಟ್ಟು, ಇಲ್ಲವೆ ಜಾವಾ. ರಾಜದೂತ್ ಕೂಡ ಇತ್ತೆನ್ನಿ. ಜಾವಾ ಹುಟ್ಟಿದ್ದು ದೂರದ ಪ್ರಾಗ್ ನಗರದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದು, ತನ್ನ ಹೆಸರಿನ ಮೊದಲೆರಡು ಅಕ್ಷರ, ಅದರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಎಂದ. ನಮ್ಮಲ್ಲಿ ಗಂಡಹೆಂಡಿರ ಹೆಸರು ಕೂಡಿಸಿ ಮನೆಗೆ ಹೆಸರಿಡುವುದಿಲ್ಲವೇ, ಹಾಗೆ. ಮುಂಬಯಿಯಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು, ಹೊರದೇಶದಿಂದ ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿದ ಮೇಲೆ, ಇಲ್ಲೇ ತಯಾರಿಸಲು ಹೊರಟು ಮೈಸೂರನ್ನು ಆರಿಸಿಕೊಂಡರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರೇ ಉದ್ಘಾಟಿಸಿದರು. ಆಗ ಅವರು ರಾಜ್ಯದ ರಾಜ್ಯಪಾಲರು.

ಆ ಗಾಡಿಯ ವೈಖರಿಯೇ ಬೇರೆ. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಒಂದೇ ಎಂಜಿನ್ನಿಗೆ ಎರಡು ಸೈಲೆನ್ಸರು. ಚೈನು ಹೊರಗೆ ಕಾಣದಂತೆ ಪೂರಾ ಮುಚ್ಚಿದ ತಗಡಿನ ಪೆಟ್ಟಿಗೆ. ಹಿಂದೆ ಒಂದೇ ಕಡೆಗೆ ಕಾಲಿಟ್ಟು ಕೂರುವ ಹೆಂಗಸರಿಗೆ ಈ ಪೆಟ್ಟಿಗೆ ಎಷ್ಟು ದೊಡ್ಡ ಉಪಕಾರವೆಂಬುದು ಸೆರಗಿಗೆ ಗ್ರೀಸ್ ಮೆತ್ತಿಕೊಂಡವರಿಗೇ ಗೊತ್ತು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಮರೆ, ಹಿಂದೆ ಕೂತವರಿಗೆ ಹಿಡಿ, ಕಾಲಿಡಲು ಆಸರೆ ಇರಲೇಬೇಕೆಂದು ಸರ್ಕಾರದ ಮೋಟಾರು ವಾಹನ ನಿಯಮಗಳು ವಿಧಿಸಿದ್ದು 1989ರಲ್ಲಿ.

ಇಷ್ಟೆಲ್ಲ ಇದ್ದ ಗಾಡಿ ಲೀಟರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು ಕೊಡುತ್ತಿತ್ತು. ಅದನ್ನು ಯಾರೂ ಕಡಿಮೆ ಎನ್ನಲಿಲ್ಲ, ಪೆಟ್ರೋಲು ಅಗ್ಗವಾಗಿದ್ದಷ್ಟು ದಿನ.

1973ರಲ್ಲಿ ಹೆಸರು ಬದಲಾಯಿಸಿಕೊಂಡದ್ದು ನಮ್ಮ ರಾಜ್ಯವೊಂದೇ ಅಲ್ಲ. ಮೈಸೂರು ರಾಜ್ಯ ಕರ್ನಾಟಕವಾದ ವರ್ಷವೇ ಮೈಸೂರಿನ ಜಾವಾ ಕೂಡ ಯೆಜ್ಡಿಯಾಯಿತು. ಇರಾನಿನ ಯಜ್ದ್ ಎಂಬ ಊರಿನಿಂದ ಬಂದ ಹೆಸರದು ಎನ್ನುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಯುದ್ಧದ ನೆಪದಿಂದ ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು; ಮೂರು ಡಾಲರಿನಷ್ಟಿದ್ದ ಪೀಪಾಯಿ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಬಂತು. ಪೆಟ್ರೋಲಿನ ಬೆಲೆಯೇರಿಕೆಯನ್ನು ವಿರೋಧಿಸಿ ವಾಜಪೇಯಿಯವರು ಆ ನವೆಂಬರಿನಲ್ಲಿ ಸಂಸತ್ತಿಗೆ ಎತ್ತಿನ ಗಾಡಿಯಲ್ಲಿ ಬಂದರು. ಎತ್ತಿನ ಲೆಕ್ಕ ಹೀಗೆ ಮತ್ತೆ ಮೋಟಾರಿನ ಪಕ್ಕಕ್ಕೆ ಬಂದು ನಿಂತಿತು. "ಎಷ್ಟು ಕೊಡುತ್ತೆ?" ಎಂಬ ಪ್ರಶ್ನೆಯ ಜಾತಕ ಬರೆಯುವುದಾದರೆ ನಾನು ಇದೇ ವರ್ಷವನ್ನು ಹಾಕುತ್ತೇನೆ. 1979ರಲ್ಲಿ ಇರಾನಿನ ಕ್ರಾಂತಿಯಿಂದ ಬೆಲೆ ಇನ್ನೊಮ್ಮೆ ಹಾರಿತು. ಇರಾನಿನ ಊರಿನ ಹೆಸರು ಹೊತ್ತ ಗಾಡಿಗೆ ಇರಾನಿನಿಂದಲೇ ಪೆಟ್ಟು.

ಊರಿನ ಮಟ್ಟಿಗೆ ಈ ಇತಿಹಾಸ ಹೇಗೆ ಇಳಿದುಬಂತೆಂಬುದಕ್ಕೆ ತ್ಯಾಮಗೊಂಡ್ಲಿನ ನಮ್ಮ ಚಿಕ್ಕಮ್ಮನ ಮನೆಯ ಸಂಗತಿಯನ್ನೇ ಹೇಳಬೇಕು. ಚಿಕ್ಕಪ್ಪ ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯಲ್ಲಿ ಮೇಷ್ಟರು. ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಹಳೆಯದೊಂದು ಯೆಜ್ಡಿಯನ್ನು ಎರಡನೇ ಕೈಯಲ್ಲಿ ಕೊಂಡಿದ್ದರು. ಕೂಡು ಕುಟುಂಬ, ದುಡ್ಡಿನ ಪೆಟ್ಟಿಗೆ ಚಿಕ್ಕಮ್ಮನ ಭಾವನವರ ಕೈಯಲ್ಲಿ. 1990ರ ಆಗಸ್ಟಿನಲ್ಲಿ ಇರಾಕು ಕುವೈತಿನ ಮೇಲೆ ಬಿದ್ದು ಪೆಟ್ರೋಲಿನ ದರ ಏರಿತಲ್ಲ, ಅದರ ಹಿಂದೆಯೇ ಈ ಗಾಡಿಯ ಖರ್ಚೂ ಏರುತ್ತ ಹೋಯಿತು. ಭಾವನವರು ಜಗಲಿಯ ಮೇಲೆ ನಾಲ್ಕು ಜನರೆದುರಿಗೇ ಕೇಳಿದರು: "ಹೋಗೋದು ಸ್ಕೂಲಿಗೇನಾ, ಇನ್ನೆಲ್ಲಿಗಾದರೂನಾ?"

ಗಾಡಿ ಪೆಟ್ರೋಲು ಕುಡಿದರೆ ಅನುಮಾನ ಬೀಳುವುದು ಸವಾರನ ಮೇಲೆ. ಚಿಕ್ಕ ಪೇಟೆಯಲ್ಲಿ ಈ ಮಾತು ಜಗಲಿಯಿಂದ ಇಳಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹೇಳಬೇಕಾಗಿಲ್ಲ. ಚಿಕ್ಕಪ್ಪ ಎದುರು ಮಾತಾಡುವವರಲ್ಲ. ಅದಲ್ಲದೆ ಮಗಳನ್ನು ತುಮಕೂರಿನ ಕಾಲೇಜಿಗೆ ಸೇರಿಸುವ ಮಾತು ಆ ವರ್ಷವೇ ನಡೆದಿತ್ತು. "ಪೆಟ್ರೋಲಿಗೇ ಇಷ್ಟು ಸುರಿದರೆ ಹಾಸ್ಟೆಲಿಗೆ ಎಲ್ಲಿಂದ ತರೋದು?" ಎಂದು ಭಾವನವರು ಆ ಮಾತನ್ನು ಬದಿಗಿಟ್ಟರು. ಚಿಕ್ಕಮ್ಮ ಆ ದಿನವೇ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಎಳೆದು ಗಾಡಿಯ ಲೆಕ್ಕ ಶುರು ಮಾಡಿದರು.

ಅವರು ಬರೆದದ್ದು ರೂಪಾಯಿಯನ್ನಲ್ಲ, ಲೀಟರನ್ನು. ದರ ಏರಿದ್ದಕ್ಕೆ ದುಡ್ಡು ಹೆಚ್ಚಾಯಿತೋ, ಗಾಡಿ ಹೆಚ್ಚು ಕುಡಿದದ್ದಕ್ಕೋ ಎಂಬುದು ರೂಪಾಯಿಯಲ್ಲಿ ತಿಳಿಯುವುದಿಲ್ಲ. ಟ್ಯಾಂಕು ಕಂಠಪೂರ್ತಿ ತುಂಬಿಸುವುದು, ಮೀಟರು ಬರೆದುಕೊಳ್ಳುವುದು, ಓಡಿಸಿ ಮತ್ತೆ ಕಂಠಪೂರ್ತಿ ತುಂಬಿಸಿ ಹಿಡಿದಷ್ಟು ಲೀಟರು ಬರೆಯುವುದು. ಮೀಟರು ಸುಳ್ಳು ಹೇಳುತ್ತಿದ್ದರೆ? ಅದಕ್ಕೂ ಒಂದು ಭಾನುವಾರ ಹಿಂದಿನ ಸೀಟಿನಲ್ಲಿ ಕೂತು, ನೆಲಮಂಗಲದ ರಸ್ತೆಯ ಹತ್ತು ಕಿಲೋಮೀಟರು ಕಲ್ಲುಗಳನ್ನು ಎಣಿಸಿ ಮೀಟರಿಗೆ ಹೋಲಿಸಿದರು. ಸರಿಯಾಗಿತ್ತು. ತಿಂಗಳಿಗೆ ಶಾಲೆಯ ಓಡಾಟ ಆರುನೂರು ಕಿಲೋಮೀಟರು, ಮೀಟರೂ ಅಷ್ಟನ್ನೇ ತೋರಿಸಿತು. ಸವಾರ ಬೇರೆಲ್ಲಿಗೂ ಹೋಗಿಲ್ಲ. ಆದರೆ ಇಪ್ಪತ್ತು ಲೀಟರು ಸಾಕಾಗಬೇಕಾದ ಕಡೆ ಮೂವತ್ತು ಹೋಗಿತ್ತು.

ಹತ್ತು ಲೀಟರು ಎಲ್ಲಿ ಹೋಯಿತು? ಊರಿನ ಮೆಕ್ಯಾನಿಕ್ ಹುಡುಗ ನೋಡಿದವನೇ "ಬೋರ್ ಮಾಡಿಸಬೇಕು ಮೇಷ್ಟ್ರೇ" ಎಂದ. ಎಂಜಿನ್ನು ಬಿಚ್ಚಿ ಸಿಲಿಂಡರು ಕೊರೆಸಿ ಹೊಸ ಪಿಸ್ಟನ್ನು ಹಾಕಿಸುವ ಕೆಲಸ. ಸಂಬಳದ ದೊಡ್ಡ ಪಾಲು ನುಂಗುವಂಥದ್ದು. ಚಿಕ್ಕಮ್ಮ ಅದಕ್ಕೆ ತಡೆ ಹಾಕಿದರು. ಹಳೆಯ ಗಾಡಿ ಕುಡಿಯುತ್ತಿದೆ ಎಂದರೆ ಒಂದೇ ದೊಡ್ಡ ರೋಗ ಇರಬೇಕೆಂದು ಗಂಡಸರು ಯಾಕೆ ನಂಬುತ್ತಾರೋ. ತಿಂಗಳ ಸಾಮಾನು ಬೇಗ ಮುಗಿದರೆ ನಾವು ಒಬ್ಬ ಕಳ್ಳನನ್ನು ಹುಡುಕುವುದಿಲ್ಲ. ಡಬ್ಬಿಯ ತೂತು, ಇಲಿ, ಬಂದ ನೆಂಟರು, ಅಳತೆಯ ಪಾವು, ಎಲ್ಲವನ್ನೂ ನೋಡುತ್ತೇವೆ.

ಮೊದಲು ಸೋರಿಕೆ. ರಾತ್ರಿ ಗಾಡಿಯ ಕೆಳಗೆ ಹಳೆಯ ಪೇಪರು ಹಾಸಿಟ್ಟರು. ಪೆಟ್ರೋಲು ತೊಟ್ಟಿಕ್ಕಿದರೆ ಬೆಳಗ್ಗೆ ಹೊತ್ತಿಗೆ ಹಾರಿಹೋಗಿ ಗುರುತೇ ಇರುವುದಿಲ್ಲ, ನಿಜ. ಆದರೆ ಯೆಜ್ಡಿಯಂಥ ಗಾಡಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿಯಷ್ಟು ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಪೆಟ್ರೋಲು ಹಾರಿದರೂ ಎಣ್ಣೆಯ ಕಲೆ ಪೇಪರಿನ ಮೇಲೆ ಉಳಿಯುತ್ತದೆ, ಬಜ್ಜಿ ಕಟ್ಟಿದ ಪೇಪರಿನ ಹಾಗೆ. ಉಳಿದಿತ್ತು, ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯ ನೇರಕ್ಕೆ. ಒಳಗಿನ ವಾಷರು ಸವೆದಿತ್ತು.

ಆಮೇಲೆ ಚಕ್ರ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ತಪ್ಪಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅದು ನಾಲ್ಕಾರು ಸುತ್ತಾದರೂ ತಾನೇ ತಿರುಗಬೇಕು. ಇದು ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಬಿಟ್ಟರೂ ಬಿಡದೆ ಹಿಡಿದುಕೊಂಡಿತ್ತು. ಚಿಕ್ಕಪ್ಪ ದಿನವೂ ಬ್ರೇಕು ಹಾಕಿಕೊಂಡೇ ಇಪ್ಪತ್ನಾಲ್ಕು ಕಿಲೋಮೀಟರು ಓಡಿಸುತ್ತಿದ್ದರು. ಶಾಲೆಯಿಂದ ಬಂದೊಡನೆ ಬ್ರೇಕಿನ ಡ್ರಮ್ಮು ಮುಟ್ಟಿದರೆ ಬಿಸಿ ಬಾಣಲೆ. ಪೆಟ್ಟಿಗೆ ತೆಗೆಸಿ ನೋಡಿದರೆ ಒಳಗೆ ಚೈನು ಒಣಗಿ ಬಿಗಿದಿತ್ತು. ಮುಚ್ಚಿದ ಪೆಟ್ಟಿಗೆಯ ಗುಣವೂ ಅದೇ, ದೋಷವೂ ಅದೇ. ಕಾಣದ್ದಕ್ಕೆ ಯಾರೂ ಎಣ್ಣೆ ಹಾಕುವುದಿಲ್ಲ. ಟೈರಿನ ಗಾಳಿಯೂ ಕಡಿಮೆ. ಇಷ್ಟು ಸರಿಮಾಡಿಸಿದ ಮೇಲೆ ತಿಂಗಳ ಲೆಕ್ಕ ಇಪ್ಪತ್ತಾರು ಲೀಟರಿಗೆ ಇಳಿಯಿತು.

ಇನ್ನು ಒಳಗಿನ ಉರಿ. ಪ್ಲಗ್ಗು ಬಿಚ್ಚಿದರೆ ಅದರ ತುದಿ ಬಿಸ್ಕತ್ತಿನ ಬಣ್ಣಕ್ಕಿರಬೇಕು. ಇದು ಮಸಿ ಬಳಿದ ಹಾಗಿತ್ತು. ಚಿಕ್ಕಮ್ಮನಿಗೆ ಥಟ್ಟನೆ ತಮ್ಮ ಪಂಪ್ ಸ್ಟೌ ನೆನಪಾಯಿತು. ಸ್ಟೌವಿನ ನಿಪ್ಪಲ್ಲಿಗೆ ಪಿನ್ನು ಹಾಕಿ ಹಾಕಿ ತೂತು ದೊಡ್ಡದಾದರೆ ಏನಾಗುತ್ತದೆ? ನೀಲಿ ಉರಿ ಹೋಗಿ ಹಳದಿ ಉರಿ, ಪಾತ್ರೆಯ ತಳವೆಲ್ಲ ಮಸಿ, ವಾರದ ಸೀಮೆಎಣ್ಣೆ ನಾಲ್ಕೇ ದಿನಕ್ಕೆ ಖಾಲಿ. "ಬೋರ್ ಆಮೇಲೆ ಮಾಡುವಿಯಂತೆ, ಮೊದಲು ಇದರ ನಿಪ್ಪಲ್ ಯಾವುದೋ ಅದನ್ನ ನೋಡಪ್ಪ" ಎಂದರು. ಹುಡುಗ ನಕ್ಕನಂತೆ. "ಅಕ್ಕಾ, ಇದು ಸ್ಟೌ ಅಲ್ಲ, ಕಾರ್ಬೊರೇಟರು." ಬಿಚ್ಚಿದ ಮೇಲೆ ನಗಲಿಲ್ಲ. ಹಿಂದೆ ಯಾರೋ ಜೆಟ್ಟಿಗೆ ತಂತಿ ಹಾಕಿ ಕೆರೆದಿದ್ದರು. ಪಿಸ್ಟನ್ನಿನ ಜೊತೆ ಏರಿಳಿಯುವ ಸೂಜಿ ವರ್ಷಗಟ್ಟಲೆ ಉಜ್ಜಿ ತನ್ನ ತೂತನ್ನು ಗುಂಡಗಿದ್ದದ್ದನ್ನು ಮೊಟ್ಟೆಯಾಕಾರ ಮಾಡಿತ್ತು. ಗಾಳಿಯ ಫಿಲ್ಟರಿನಲ್ಲಿ ಹಳ್ಳಿಯ ಧೂಳು ತುಂಬಿ, ಉಸಿರು ಕಡಿಮೆಯಾಗಿ, ಅದೂ ಪೆಟ್ರೋಲಿನ ಪಾಲನ್ನೇ ಹೆಚ್ಚಿಸಿತ್ತು. ಹೊಸ ಸೂಜಿ, ಹೊಸ ಜೆಟ್ಟು ಹಾಕಿ, ಪಾಯಿಂಟು ಹೊಂದಿಸಿದ ಮೇಲೆ ಮುಂದಿನ ತಿಂಗಳು ಇಪ್ಪತ್ತೆರಡು ಲೀಟರು. ಲೀಟರಿಗೆ ಇಪ್ಪತ್ತೇಳು ಕಿಲೋಮೀಟರು. ಬೋರಿನ ಮಾತು ಅಲ್ಲಿಗೆ ನಿಂತಿತು. ಚಿಕ್ಕಮ್ಮ ಆ ಪುಟವನ್ನು ಭಾವನವರ ಮುಂದೆ ತೆರೆದಿಟ್ಟು ಒಳಗೆ ಹೋದರು. ಅವರು ಏನೂ ಅನ್ನಲಿಲ್ಲ; ಜೂನಿನಲ್ಲಿ ತುಮಕೂರಿನ ಕಾಲೇಜಿಗೆ ಫೀಸು ಕಟ್ಟಲು ತಾವೇ ಹೋಗಿಬಂದರು.

ಆದರೆ ಎದುರು ಮನೆಗೆ ಆಗಲೇ ಹೀರೋ ಹೋಂಡಾ ಬಂದಿತ್ತು. ಅದಕ್ಕೆ ಅದೇ ಆರುನೂರು ಕಿಲೋಮೀಟರಿಗೆ ಹತ್ತು ಲೀಟರೂ ಹೆಚ್ಚು. ಈ ವ್ಯತ್ಯಾಸವನ್ನು ಯಾವ ಮೆಕ್ಯಾನಿಕ್ಕೂ ತುಂಬಲಾರ, ಯಾಕೆಂದರೆ ಅದು ರೋಗವಲ್ಲ, ಹುಟ್ಟುಗುಣ. ಮದುವೆ ಊಟದ ಮನೆಯನ್ನು ನೆನೆಸಿಕೊಳ್ಳಿ. ಹೋಂಡಾದಂಥ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಪಂಕ್ತಿ ಎದ್ದು, ಎಲೆ ತೆಗೆದು, ಆಮೇಲೆ ಇನ್ನೊಂದು ಪಂಕ್ತಿ ಕೂರುತ್ತದೆ. ಯೆಜ್ಡಿಯಂಥ ಎರಡು ಸ್ಟ್ರೋಕಿನದರಲ್ಲಿ ಉಂಡವರು ಹಿಂದಿನ ಬಾಗಿಲಿಂದ ಹೋಗುತ್ತಿರುವಾಗಲೇ ಹೊಸಬರನ್ನು ಮುಂದಿನ ಬಾಗಿಲಿಂದ ನುಗ್ಗಿಸುತ್ತಾರೆ. ಆ ನೂಕುನುಗ್ಗಲಲ್ಲಿ ಹೊಸಬರಲ್ಲಿ ಕೆಲವರು ಉಣ್ಣದೆಯೇ ಹಿಂದಿನ ಬಾಗಿಲಿಂದ ಹೊರಗೆ! ಐದರಲ್ಲೊಂದು, ಕೆಲವು ಸಲ ಮೂರರಲ್ಲೊಂದು ಪಾಲು ಪೆಟ್ರೋಲು ಹೀಗೆ ಉರಿಯದೆ ಹೊಗೆಯ ಜೊತೆ ಹೋಗುತ್ತದೆ. ಕೆಲಸ ಚುರುಕು, ಗಾಡಿಗೆ ಎಳೆತ ಹೆಚ್ಚು, ಎಂಜಿನ್ನು ಸರಳ. ಅದಕ್ಕೆ ತೆರುವ ಬೆಲೆ ಅದು.

ಆ ಹೀರೋ ಹೋಂಡಾ ಸಿ.ಡಿ. 100 ಬಂದದ್ದು 1985ರಲ್ಲಿ. ಲೀಟರಿಗೆ ಎಂಬತ್ತು ಕೊಡುತ್ತದೆಂದು ಹೇಳಿಕೊಂಡಿತು. ಪೆಟ್ರೋಲು ತುಂಬಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತು. ಮರೆಯುವುದನ್ನೇ ಮಾರಾಟಕ್ಕಿಟ್ಟ ಜಾಹೀರಾತು ನನಗೇನೂ ಹಿಡಿಸಲಿಲ್ಲ, ಆದರೆ ದೇಶಕ್ಕೆ ಹಿಡಿಸಿತು. 1991ರಲ್ಲಿ ಹೊಗೆಯ ಮೇಲೆ ಸರ್ಕಾರದ ನಿಯಮ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯಿತು. ಉಣ್ಣದೆ ಹೊರಬಿದ್ದ ಪೆಟ್ರೋಲೇ ಹೊಗೆಯೂ ಆದ್ದರಿಂದ ಹಳೆಯ ಯೆಜ್ಡಿ ಎರಡು ಕಡೆಯಿಂದಲೂ ಸಿಕ್ಕಿಹಾಕಿಕೊಂಡಿತು. ಅದೇ 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಮೈಲೇಜೊಂದೇ ಅದನ್ನು ಕೊಂದಿತೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಪಾನಿನ ತಂತ್ರಜ್ಞಾನದ ಪೈಪೋಟಿ, ಹೊಗೆಯ ನಿಯಮ, ಕಾರ್ಮಿಕರ ತಕರಾರು, ಬದಲಾಗದ ಎಂಜಿನ್ನು, ಇವೆಲ್ಲ ಒಟ್ಟಿಗೆ ಇದ್ದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬೇರೆ ಕಂಪನಿಯಿಂದ ಬಂದವು. ಎರಡೂ ನಾಲ್ಕು ಸ್ಟ್ರೋಕಿನವು.

ಚಿಕ್ಕಪ್ಪ ನಿವೃತ್ತರಾಗುವವರೆಗೂ ತಮ್ಮ ಗಾಡಿಯಲ್ಲೇ ಓಡಾಡಿದರು. ವರ್ಷಕ್ಕೊಮ್ಮೆ ಸೈಲೆನ್ಸರಿನ ಒಳಗಿನ ಕಿಟ್ಟವನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯುವ ಕೆಲಸ ಹಿತ್ತಲಿನಲ್ಲೇ ನಡೆಯುತ್ತಿತ್ತು. ಈಚೆಗೆ ಬೆಂಗಳೂರಿನಿಂದ ಒಬ್ಬ ಹುಡುಗ ಹಳೆಯ ಗಾಡಿಗಳನ್ನು ಹುಡುಕಿಕೊಂಡು ಬಂದ. ಟ್ಯಾಂಕಿನ ಕ್ರೋಮು ಮೂಲದ್ದೋ, ದೀಪ ಮೂಲದ್ದೋ ಎಂದೆಲ್ಲ ವಿಚಾರಿಸಿದ. ಕೊಟ್ಟ ಬೆಲೆಯೂ ಚಿಕ್ಕಪ್ಪ ಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗಾಡಿಯನ್ನು ಟೆಂಪೋಗೆ ಹತ್ತಿಸುವಾಗ ಚಿಕ್ಕಮ್ಮ ಹೊಸ್ತಿಲಲ್ಲಿ ನಿಂತು ಹೇಳಿದರು: "ಮಳೆಗಾಲದಲ್ಲಿ ಹಿಂದಿನ ಬ್ರೇಕು ಹಿಡ್ಕೊಳ್ಳುತ್ತಪ್ಪ. ಚಕ್ರ ತಿರುಗಿಸಿ ನೋಡ್ಕೊಂಡು ಓಡಿಸು."