ಸೇತುವೆ ಎದ್ದಾಗ: ಬರೆಯಲಾಗದವರು ಮತ್ತೆ ಬರೆದ ಕಥೆ



ಫ್ರೀಮಾಂಟಿನಲ್ಲಿ ಇರುವವರಿಗೆ, ಅಲ್ಲಿಗೆ ಆಗಾಗ ಹೋಗಿಬರುವವರಿಗೆ, ಆ ನೀಲಿ-ಕಿತ್ತಳೆ ಬಣ್ಣದ ಸೇತುವೆ ಚೆನ್ನಾಗಿ ಗೊತ್ತು. ಗಂಟೆ ಹೊಡೆಯುತ್ತದೆ, ಅಡ್ಡಗಂಬ ಇಳಿಯುತ್ತದೆ, ರಸ್ತೆ ಎರಡು ಹೋಳಾಗಿ ಮೇಲೇಳುತ್ತದೆ. ಕಾರು, ಬಸ್ಸು, ಸೈಕಲ್ಲು ಎಲ್ಲವೂ ನಿಲ್ಲಬೇಕು. 1917ರಲ್ಲಿ ತೆರೆದ ಸೇತುವೆ ಅದು. ನೀರಿಗಿಂತ ಸುಮಾರು 30 ಅಡಿಯಷ್ಟೇ ಎತ್ತರ ಇರುವುದರಿಂದ ಹಾಯಿದೋಣಿ ಬಂದಾಗಲೆಲ್ಲ ಏಳದೆ ವಿಧಿಯಿಲ್ಲ. ದಿನಕ್ಕೆ ಸರಾಸರಿ 35 ಸಲ ಏಳುತ್ತದೆ ಎಂದು ಲೆಕ್ಕ.

ಅದರ ಮೂಲೆಯ ಗೋಪುರಗಳನ್ನು ನೋಡಿದ್ದೀರಾ? 2016ರಲ್ಲಿ ಸಿಯಾಟಲ್ ನಗರಾಡಳಿತ ಅಂಥ ಒಂದು ಗೋಪುರದ ಕೋಣೆಯನ್ನು ಬರಹಗಾರರೊಬ್ಬರಿಗೆ ಕೊಟ್ಟಿತು. ಅಲ್ಲಿ ಕೂತು ಬರೆಯಲು ಆಯ್ಕೆಯಾದವರು ಕೌಲಿಟ್ಜ್ ಬುಡಕಟ್ಟಿಗೆ ಸೇರಿದ ಲೇಖಕಿ ಎಲಿಸಾ ವಾಶುಟಾ. ಕೋಣೆ ಇದೆ, ಕಿಟಕಿ ಇದೆ, ಕೆಳಗೆ ನೀರಿದೆ, ಕೈಗೆ ಸಂಭಾವನೆಯೂ ಇದೆ. ಇಷ್ಟಿದ್ದರೆ ಯಾರಾದರೂ ಬರೆದಾರು ಎಂದು ನಿಮಗೆ ಅನ್ನಿಸಬಹುದು. ಆದರೆ ಕೋಣೆಯೂ ಮೇಜೂ ಇದ್ದು ಒಂದು ಸಾಲೂ ಹೊರಡದೆ ಕೂತವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ! ನಿಮ್ಮಲ್ಲಿ ಕೆಲವರು ಭಾನುವಾರದ ಕನ್ನಡ ತರಗತಿಗೆ ಹೋಗಿ ಅಕ್ಷರ ಕಲಿತಿದ್ದೀರಿ. ಊರಿನಲ್ಲಿರುವ ಅಜ್ಜಿಗೆ ಒಂದು ಕಾಗದ ಬರೆಯೋಣವೆಂದು ಕೂತಿದ್ದೀರಿ. ಎರಡನೆಯ ಸಾಲಿಗೇ 'ಧ' ಬರೆಯಬೇಕೋ 'ದ' ಬರೆಯಬೇಕೋ ಎಂಬ ಅನುಮಾನ ಹುಟ್ಟಿ, ಪೆನ್ನು ಕೆಳಗಿಟ್ಟು ಫೋನು ಮಾಡಿದ್ದೀರಿ. ಆ ಕಾಗದ ಇನ್ನೂ ಅರ್ಧಕ್ಕೇ ಇದೆ.

ಹೀಗೆ ಅರ್ಧಕ್ಕೆ ನಿಂತವರು ಮತ್ತೆ ಬರೆದದ್ದು ಹೇಗೆ ಎಂದು ಕನ್ನಡದ ಚರಿತ್ರೆಯನ್ನೇ ಕೇಳಿ ನೋಡೋಣ. ಅಲ್ಲಿ ಒಬ್ಬಿಬ್ಬರಲ್ಲ, ಒಂದು ತಲೆಮಾರಿಗೆ ತಲೆಮಾರೇ ಹೀಗೆ ನಿಂತುಬಿಟ್ಟಿತ್ತು.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬನ್ನಿ. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿ ಕಾಲೇಜು ಓದಿದವರ ಹೊಸ ವರ್ಗ ಬೆಳೆದಿತ್ತು. ಪಾಠ ಇಂಗ್ಲಿಷಿನಲ್ಲಿ, ಕಚೇರಿ ಇಂಗ್ಲಿಷಿನಲ್ಲಿ, ಮೆಚ್ಚಿದ ಕವಿಗಳು ವರ್ಡ್ಸ್‌ವರ್ತ್, ಶೆಲ್ಲಿ. ಮನೆಗೆ ಬಂದರೆ ಕನ್ನಡ ಮಾತಾಡುತ್ತಿದ್ದರು. ಬರೆಯಲು ಕೂತರೆ ಮಾತ್ರ ಕೈ ಕಟ್ಟಿಹೋಗುತ್ತಿತ್ತು. ಒಂದು ಕಡೆ ಹಳಗನ್ನಡದ ಕಾವ್ಯಗಳ ಭಾರ. ಇನ್ನೊಂದು ಕಡೆ ಅಡುಗೆಮನೆ, ಸಂತೆಬೀದಿಗಳ ಆಡುಮಾತು. ಮೊದಲನೆಯದು ತಮ್ಮ ಅಳವಿಗೆ ಮೀರಿದ್ದು, ಎರಡನೆಯದು ಕಾವ್ಯಕ್ಕೆ ಯೋಗ್ಯವಲ್ಲದ್ದು ಎಂಬ ಭಾವನೆ. ನಡುವೆ ನಿಲ್ಲಲು ನೆಲವೇ ಇರಲಿಲ್ಲ. ನಿಮ್ಮ ಸ್ಥಿತಿಗೂ ಇದಕ್ಕೂ ಹೆಚ್ಚು ದೂರವಿಲ್ಲ, ಅಲ್ಲವೇ?

ಆಗ ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದು ಭಾಷಣ ಮಾಡಿದರು. ಅದರ ಹೆಸರೇ 'ಕನ್ನಡ ಮಾತು ತಲೆಯೆತ್ತುವ ಬಗೆ'. ಬರೀ ಭಾಷಣದಿಂದ ಯಾರ ಲೇಖನಿಯೂ ಓಡುವುದಿಲ್ಲ ಎಂಬುದು ಅವರಿಗೂ ತಿಳಿದಿರಬೇಕು. ಮುಂದೆ ಅವರು ಹಿಡಿದ ಕೆಲಸ ಬಹಳ ಸಾದಾ ಕೆಲಸ: ತಾವು ಪ್ರೀತಿಸಿದ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವುದು. ಹೇಳಬೇಕಾದ ವಿಷಯ ಅಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂಬುದೊಂದೇ ಪ್ರಶ್ನೆ. 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು 1926ರಲ್ಲಿ. ಭಾಷಣಕ್ಕೂ ಪುಸ್ತಕಕ್ಕೂ ನಡುವೆ 15 ವರ್ಷ! ಆದರೆ ಆ ಪುಸ್ತಕ ಬಂದ ಮೇಲೆ ಕನ್ನಡ ಕವಿತೆಯ ನಡಿಗೆಯೇ ಬದಲಾಯಿತು. ಹೊಸ ಛಂದಸ್ಸು, ಹೊಸ ಮಾತಿನ ಲಯ ತರುಣರ ಕಿವಿಗೆ ಬಿತ್ತು. ನ್ಯೂಮನ್ನನ ಪ್ರಾರ್ಥನಾ ಗೀತೆ ಕನ್ನಡದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾಗಿ ಹಾಡಿಸಿಕೊಂಡಿತು. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಹಲವರಿಗೆ ಅದು ಇಂದಿಗೂ ಬಾಯಿಪಾಠ ಇರುತ್ತದೆ.

ಅದೇ 1911ರಲ್ಲಿ, ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಗೋವಿಂದ ಪೈಗಳು ಇನ್ನೊಂದು ಕಟ್ಟನ್ನು ಬಿಚ್ಚಿದರು. ಹಳೆಯ ಕನ್ನಡ ಪದ್ಯಕ್ಕೆ ಆದಿಪ್ರಾಸ ಕಡ್ಡಾಯವಾಗಿತ್ತು. ಅಂದರೆ, ಮೊದಲ ಸಾಲಿನ ಎರಡನೆಯ ಅಕ್ಷರ 'ರ' ಆದರೆ, ಉಳಿದ ಸಾಲುಗಳಲ್ಲೂ ಎರಡನೆಯ ಜಾಗದಲ್ಲಿ 'ರ'ಕಾರವೇ ಬರಬೇಕು. ಹೇಳಬೇಕಾದ ಮಾತು ಒಂದಿದ್ದು, ಪ್ರಾಸಕ್ಕೆ ಒದಗುವ ಪದ ಇನ್ನೊಂದಾದರೆ ಸೋಲುವುದು ಮಾತೇ. ಪೈಗಳು ಆ ನಿಯಮವನ್ನು ಕೈಬಿಟ್ಟು ಬರೆದರು. ಶತಮಾನಗಳಿಂದ ನಡೆದುಬಂದ ಪದ್ಧತಿ ಅದು, ಪಂಡಿತರು ಸುಮ್ಮನಿರುತ್ತಾರೆಯೇ? ಟೀಕೆ ಬಂತು. ಪೈಗಳು ಹಿಂದೆ ಸರಿಯಲಿಲ್ಲ. 1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು.

ಇಲ್ಲಿ ನಿಮಗೊಂದು ಮಾತು ಹೇಳಲೇಬೇಕು. ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ಬೇಂದ್ರೆಯವರಿಗೆ 1973ರ, ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡದ ಬರವಣಿಗೆಗೆ. "ಮನೆಯಲ್ಲಿ ಇಂಗ್ಲಿಷೇ ಹೆಚ್ಚು, ನನ್ನ ಕನ್ನಡ ಅಸಲಿ ಅಲ್ಲ" ಎಂದು ಹಿಂಜರಿಯುವವರು ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಹುಟ್ಟಿನಿಂದ ಬಂದ ಹಕ್ಕುಪತ್ರ ತೋರಿಸಿ ಎಂದು ಕನ್ನಡ ಯಾರನ್ನೂ ಕೇಳಿಲ್ಲ.

ಇನ್ನು ಕುವೆಂಪು ಅವರ ಕಥೆ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗ ಬರೆಯುತ್ತಿದ್ದದ್ದು ಇಂಗ್ಲಿಷ್ ಕವಿತೆ. 1922ರಲ್ಲಿ, ಇನ್ನೂ ಹದಿನೇಳರ ವಯಸ್ಸಿನಲ್ಲಿ, 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಪುಸ್ತಿಕೆ ಅಚ್ಚಾಯಿತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ತನ್ನ ಕವಿತೆಗಳನ್ನು ತೋರಿಸಿದ. ಕಸಿನ್ಸ್ ಕೊಟ್ಟ ಸಲಹೆ: ನಿನ್ನ ಭಾಷೆಯಲ್ಲಿ ಬರೆ. ಹೊಗಳಿಕೆಯ ನಿರೀಕ್ಷೆಯಲ್ಲಿ ಹೋದವನಿಗೆ ಆ ಮಾತು ರುಚಿಸಲಿಲ್ಲ. ಆದರೆ ಬರೆದು ನೋಡಿದ. ಮುಂದಿನದು ನಿಮಗೆ ಗೊತ್ತು: 'ಕಾನೂರು ಹೆಗ್ಗಡಿತಿ', 'ಶ್ರೀ ರಾಮಾಯಣ ದರ್ಶನಂ', ಕನ್ನಡಕ್ಕೆ ಮೊದಲ ಜ್ಞಾನಪೀಠ.

ಈ ಕಥೆಯನ್ನು ಹಿರಿಯರು ನಿಮಗೆ ಹೇಳುವಾಗ "ನೋಡು, ಇಂಗ್ಲಿಷ್ ಬಿಡು, ಕನ್ನಡ ಹಿಡಿ" ಎಂದು ಮುಗಿಸುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ನಿಮ್ಮ ಮೊದಲ ಭಾಷೆ ಇಂಗ್ಲಿಷೇ ಆಗಿರಬಹುದು, ಅದರಲ್ಲಿ ನಾಚಿಕೆ ಏನಿದೆ? ನನ್ನ ಪ್ರಶ್ನೆ ಬೇರೆ. ನೀವು ಬರೆಯಲು ಹೊರಟ ಸಂಗತಿ ಯಾವ ಭಾಷೆಯಲ್ಲಿ ನಡೆಯಿತು? ಕುವೆಂಪು ಅವರ ಕಾಡು, ಮಳೆ, ಗದ್ದೆ, ಆಳುಕಾಳು ಎಲ್ಲವೂ ಕನ್ನಡದಲ್ಲೇ ಅವರೊಳಗೆ ಇಳಿದಿದ್ದವು. ಅಜ್ಜಿ ನಿಮ್ಮನ್ನು ಬೈದದ್ದು, ಮುದ್ದು ಮಾಡಿದ್ದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿನಲ್ಲಿ ಬರೆಯಹೊರಟು ಸಪ್ಪೆ ಎನ್ನಿಸಿ ನಿಲ್ಲಿಸಿದ್ದರೆ, ಕೊರತೆ ಇರುವುದು ನಿಮ್ಮ ಶಕ್ತಿಯಲ್ಲಿ ಅಲ್ಲದೆ ಇರಬಹುದು.

ಭಾಷೆ ಸಿಕ್ಕಿತು, ನಿಯಮದ ಕಟ್ಟು ಸಡಿಲಿತು. ಆದರೂ ಭಯ ಬಿಡದಿದ್ದರೆ? ಇದಕ್ಕೆ ಮುದ್ದಣನ ಕಥೆ ಕೇಳಿ. ನಂದಳಿಕೆ ಲಕ್ಷ್ಮೀನಾರಾಯಣ ಎಂದು ಹೆಸರು. 1870ರಲ್ಲಿ ಉಡುಪಿ ಸೀಮೆಯಲ್ಲಿ ಹುಟ್ಟಿ, ಶಾಲೆಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದವರು. ಡ್ರಿಲ್ ಮೇಷ್ಟರು ಕಾವ್ಯ ಬರೆದರೆ ಪಂಡಿತರು ಏನೆಂದಾರು? ಅವರು ತಮ್ಮ ಕೃತಿಗಳನ್ನು ಹಳೆಯ ಕಾಲದ ಗ್ರಂಥಗಳೆಂಬಂತೆ ಮೈಸೂರಿನ 'ಕಾವ್ಯಮಂಜರಿ'ಗೆ ಕಳಿಸಿದರು. ಬರೆದವರು ತಾವೇ ಎಂಬುದನ್ನು ಮುಚ್ಚಿಟ್ಟರು. ಅವರ 'ಶ್ರೀರಾಮಾಶ್ವಮೇಧಂ' ಗದ್ಯದಲ್ಲಿ ಮುದ್ದಣ, ಮನೋರಮೆ ಎಂಬ ಗಂಡ ಹೆಂಡತಿ ಬರುತ್ತಾರೆ. ಮಳೆಗಾಲ, ಹೊತ್ತು ಹೋಗದು, ಆಕೆ ಕಥೆ ಹೇಳು ಎನ್ನುತ್ತಾಳೆ. ಅವನು ಒಂದೊಂದು ಕಥೆ ಸೂಚಿಸಿದಂತೆ ಬೇಡ ಬೇಡ ಎನ್ನುತ್ತಾಳೆ. ಕೊನೆಗೆ ಒಪ್ಪಿದ ಮೇಲೂ ಸುಮ್ಮನಿರುವವಳಲ್ಲ. ಭಾಷೆ ಬಿರುಸಾದರೆ ತಡೆಯುತ್ತಾಳೆ, ಅರ್ಥವಾಗದಿದ್ದರೆ ಛೇಡಿಸುತ್ತಾಳೆ. ಪಂಡಿತರ ಸಭೆಯನ್ನು ಎದುರಿಗಿಟ್ಟುಕೊಂಡು ಬರೆಯಲು ಹೆದರುವ ಮನುಷ್ಯ, ಎದುರಿಗೆ ಒಬ್ಬಳೇ ಒಬ್ಬಳನ್ನು ಕೂರಿಸಿಕೊಂಡು ಕಥೆ ಹೇಳಿದ್ದಾನೆ. ಮುದ್ದಣ 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡರು. ಬದುಕಿದ್ದಾಗ ಕೀರ್ತಿಯನ್ನು ಕಾಣಲಿಲ್ಲ. ಆದರೆ ಮನೋರಮೆಯ ಆ ತಕರಾರುಗಳನ್ನು ಓದಿ ಇಂದಿಗೂ ನಗುತ್ತೇವೆ.

ಇಷ್ಟಾದರೂ, ಬರೆಯುತ್ತಿದ್ದವರು ನಿಲ್ಲಿಸುವುದು ಉಂಟು. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದು ಮನೆಮನೆಯ ಪುಸ್ತಕವಾಯಿತು. ಅವರು ಸರ್ಕಾರಿ ಗುಮಾಸ್ತರು. ಹಗಲೆಲ್ಲ ಕಡತ, ಸಂಜೆ ಕವಿತೆ. ಸಾಲು ಸಾಲಾಗಿ ಸಂಕಲನಗಳು ಬಂದವು. 1960ರ 'ಮನೆಯಿಂದ ಮನೆಗೆ' ಆದಮೇಲೆ ಮುಂದಿನ ಕವನ ಸಂಕಲನಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ನಡುವೆ ನವ್ಯ ಕಾವ್ಯದ ಗಾಳಿ ಬೀಸಿ, ದಾಂಪತ್ಯದ ಒಲವಿನ ಕವಿತೆ ಹಳೆಯದಾಯಿತು ಎನ್ನುವವರು ಹೆಚ್ಚಿದ್ದರು. ಕೊನೆಗೆ ಬಂದ ಸಂಕಲನದ ಹೆಸರು 'ತೆರೆದ ಬಾಗಿಲು'. 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೆ, 'ಮೈಸೂರು ಮಲ್ಲಿಗೆ'ಗೆ ಅಲ್ಲ. ಆಮೇಲೂ ಅವರು ಇಳಿವಯಸ್ಸಿನವರೆಗೆ ಬರೆಯುತ್ತಲೇ ಇದ್ದರು. ನೀವು ಎರಡು ವರ್ಷ ಬರೆಯದೆ ಇದ್ದೀರಿ ಎಂದರೆ ಎಲ್ಲ ಮುಗಿಯಿತು ಎಂದಲ್ಲ.

ಮತ್ತೆ ಸಿಯಾಟಲ್ಲಿಗೆ ಬರೋಣ. ಫ್ರೀಮಾಂಟಿನ ಈ ನೆಲದಲ್ಲಿ ಇಂಗ್ಲಿಷಿಗೆ ಮುಂಚೆ ಇದ್ದ ಮಾತು ಲುಶೂಟ್‌ಸೀಡ್. 1918ರಲ್ಲಿ ಹುಟ್ಟಿದ ವೈ ಹಿಲ್ಬರ್ಟ್ ಎಂಬ ಅಪ್ಪರ್ ಸ್ಕಾಜಿಟ್ ಬುಡಕಟ್ಟಿನ ಹೆಣ್ಣುಮಗಳು ಆ ಮಾತನ್ನು ಅಪ್ಪ ಅಮ್ಮನ ಬಾಯಲ್ಲಿ ಕೇಳಿ ಬೆಳೆದವರು. ಓದಿದ್ದು ಇಂಗ್ಲಿಷ್ ಶಾಲೆಗಳಲ್ಲಿ. ತನ್ನ ಭಾಷೆಯನ್ನು ಬರೆಯಲು ಕಲಿತದ್ದು ಐವತ್ತರ ಹತ್ತಿರಕ್ಕೆ ಬಂದಾಗ, 1967ರಲ್ಲಿ ಭಾಷಾವಿಜ್ಞಾನಿ ಥಾಮ್ ಹೆಸ್ ಅವರ ಜೊತೆ ಕೆಲಸ ಮಾಡುತ್ತ. ಆಮೇಲೆ ಫ್ರೀಮಾಂಟಿನಿಂದ ಸ್ವಲ್ಪವೇ ದೂರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ವರ್ಷಗಟ್ಟಲೆ ಪಾಠ ಹೇಳಿದರು. ಹಿರಿಯರ ಕಥೆಗಳನ್ನು ಧ್ವನಿಮುದ್ರಣದಿಂದ ಕೇಳಿ ಕೇಳಿ ಬರೆದಿಟ್ಟರು; 1985ರಲ್ಲಿ 'ಹಬೂ' ಎಂಬ ಕಥೆಗಳ ಪುಸ್ತಕ ಬಂತು. ಅವರು 2008ರಲ್ಲಿ ತೀರಿಕೊಂಡರು. ಇಂದು ಲುಶೂಟ್‌ಸೀಡ್ ಕಲಿಯುವ ಮಕ್ಕಳು ಅವರು ಬರೆದಿಟ್ಟದ್ದನ್ನು ಓದುತ್ತಾರೆ. ಬರೆಯದೆ ಬಿಟ್ಟಿದ್ದರೆ ಓದಲು ಏನಿರುತ್ತಿತ್ತು?

ಕನ್ನಡಕ್ಕೆ ಆ ಗತಿ ಬಂದಿಲ್ಲ. ಕೋಟಿಗಟ್ಟಲೆ ಜನ ಮಾತಾಡುತ್ತಾರೆ, ದಿನವೂ ಪುಸ್ತಕ ಬರುತ್ತದೆ. ಆದರೆ ನಿಮ್ಮ ಬದುಕಿನ ಕನ್ನಡ ಬೇರೆಯವರ ಹತ್ತಿರ ಇಲ್ಲ. ಮಳೆ ಹಿಡಿದ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ನಾಟಕ ಕಲಿತದ್ದು, ಆರೋರಾ ಸೇತುವೆಯ ಅಡಿಯ ದೈತ್ಯನನ್ನು ನೋಡಿ "ಇವನೇ ಬಕಾಸುರ" ಎಂದು ತಂಗಿಯನ್ನು ಹೆದರಿಸಿದ್ದು, ವಿಡಿಯೊ ಕರೆಯಲ್ಲಿ ತಾತನ ಕಣ್ಣು ಮಂಜಾದದ್ದನ್ನು ಕಂಡೂ ಏನು ಹೇಳಬೇಕೆಂದು ತೋಚದೆ ಹೋದದ್ದು. ಇದನ್ನು ಧಾರವಾಡದವರೂ ಮೈಸೂರಿನವರೂ ನಿಮ್ಮ ಪರವಾಗಿ ಬರೆಯಲಾರರು.

ಹಾಗಾದರೆ ಶುರು ಎಲ್ಲಿಂದ? ಹಿರಿಯರು ಮಾಡಿದ್ದನ್ನೇ ಮಾಡಿ. ಸ್ವಂತದ್ದು ಹೊಳೆಯದಿದ್ದರೆ, ನಿಮಗೆ ಇಷ್ಟವಾದ ಇಂಗ್ಲಿಷ್ ಹಾಡಿನ ನಾಲ್ಕು ಸಾಲನ್ನು ಕನ್ನಡಕ್ಕೆ ತನ್ನಿ. ಬಿಎಂಶ್ರೀ ಹಿಡಿದ ದಾರಿ ಅದು. ಕಾಗುಣಿತ ತಪ್ಪೀತು ಎಂಬ ಭಯವನ್ನು ಮೊದಲ ಸಲ ಬರೆಯುವಾಗ ಬದಿಗಿಡಿ, ಆಮೇಲೆ ಅಮ್ಮನಿಗೆ ತೋರಿಸಿ ತಿದ್ದಿಕೊಳ್ಳಿ. ಬೈಯುವ ಲೋಕಕ್ಕೆಲ್ಲ ಬರೆಯಬೇಡಿ, ಒಬ್ಬರಿಗೆ ಬರೆಯಿರಿ. ಬೇಕಾದರೆ ಮುದ್ದಣನ ಹಾಗೆ ಹೆಸರು ಮರೆಸಿಡಿ. ಒಂದು ಕಂಡೀಷನ್ನು ಮಾತ್ರ: ಬರೆದದ್ದನ್ನು ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಮನೋರಮೆಯ ಹಾಗೆ ತಕರಾರು ತೆಗೆಯುವವರಾದರೆ ಇನ್ನೂ ಒಳ್ಳೆಯದು.

ಮುಂದಿನ ಸಲ ಫ್ರೀಮಾಂಟ್ ಸೇತುವೆಯ ಗಂಟೆ ಹೊಡೆದು ನೀವು ನಿಂತುಕೊಳ್ಳಬೇಕಾಗಿ ಬಂದರೆ, ಬೇಸರ ಪಡಬೇಡಿ. ದೋಣಿ ದಾಟಲು ಕೆಲವು ನಿಮಿಷ ಬೇಕು. ಕಾರು ಓಡಿಸುತ್ತಿರುವವರು ನೀವಲ್ಲದಿದ್ದರೆ, ಜೇಬಿನಿಂದ ಫೋನು ತೆಗೆದು ಕನ್ನಡದ ಕೀಲಿಮಣೆ ತೆರೆಯಿರಿ. "ಅಜ್ಜಿ, ಇಲ್ಲಿ ಸೇತುವೆ ಎದ್ದಿದೆ, ನಾನು ಕಾಯುತ್ತಾ ನಿಂತಿದ್ದೇನೆ" ಎಂದು ಬರೆಯಿರಿ. ಏನು ಕಾಣುತ್ತಿದೆಯೋ ಅದನ್ನು ಇನ್ನೆರಡು ಸಾಲಿನಲ್ಲಿ ಹೇಳಿ ಕಳಿಸಿಬಿಡಿ. 'ದ' ತಪ್ಪಿ 'ಧ' ಆಗಿದ್ದರೂ ಅಜ್ಜಿಗೆ ಅರ್ಥವಾಗುತ್ತದೆ.