ರಕ್ತನಾಳದ ಒಳಪದರವೂ ಅದನ್ನು ಕಾಯುವ ಪ್ರೋಟೀನುಗಳೂ

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಎಂಡೋಥೀಲಿಯಮ್ ಎಂಬ ಈ ಪದರವನ್ನು ಬಹುಕಾಲ ಬರಿಯ ಹೊದಿಕೆಯೆಂದೇ ಎಣಿಸಲಾಗಿತ್ತು. ನಾಳ ಸಡಿಲಗೊಳ್ಳಲು ಬೇಕಾದ ವಸ್ತು ಹೊರಡುವುದೇ ಇಲ್ಲಿಂದ ಎಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಅದು ನೈಟ್ರಿಕ್ ಆಕ್ಸೈಡ್ ಅನಿಲವೆಂದು 1987ರಲ್ಲಿ ತಿಳಿಯಿತು. ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕ ಕಣ ಈ ಅನಿಲವನ್ನು ಕಬಳಿಸಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಆಗ ನಾಳ ಬಿಗಿಯುವುದಷ್ಟೇ ಅಲ್ಲ, ಕೋಶದ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲವೂ ಹಾಳಾಗುತ್ತವೆ.

ಕಾವಲು ಪ್ರೋಟೀನುಗಳ ಕಥೆ ಇದಕ್ಕಿಂತ ಹಳೆಯದು. 1938ರಲ್ಲಿ ಮ್ಯಾನ್ ಮತ್ತು ಕೀಲಿನ್ ದನದ ರಕ್ತದಿಂದ ತಾಮ್ರವಿರುವ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ಮೂರು ದಶಕ ಯಾರಿಗೂ ಹೊಳೆಯಲಿಲ್ಲ. ಸೂಪರಾಕ್ಸೈಡನ್ನು ಅಡಗಿಸುವ ಕಿಣ್ವವೇ ಅದು ಎಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಕಂಡುಕೊಂಡರು. ಆ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಕ್ಯಾಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್ ಕಿಣ್ವಗಳು ನೀರಾಗಿಸುತ್ತವೆ. ಈ ಕಾವಲು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಜಪಾನಿನ ಒಬ್ಬ ಬಾಲಕನ ವರದಿ ನೇರವಾದ ಸಾಕ್ಷ್ಯ. 1999ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಹೀಮ್ ಆಕ್ಸಿಜನೇಸ್-1 ಎಂಬ ಒಂದು ರಕ್ಷಕ ಕಿಣ್ವವಿಲ್ಲದೆ ಹುಟ್ಟಿದ್ದ ಅವನ ರಕ್ತನಾಳದ ಒಳಪದರ ತೀವ್ರವಾಗಿ ಹಾನಿಗೊಂಡಿತ್ತು.

ಕರ್ನಾಟಕದಲ್ಲಿ ಇಂಥ ರಕ್ಷಕ ವಸ್ತುಗಳ ಶೋಧ ಅಡುಗೆಮನೆಯ ಸಾಮಗ್ರಿಗಳತ್ತ ತಿರುಗಿತು. ಲೀಲಾ ಶ್ರೀನಿವಾಸ್ ಮತ್ತು ಸಂಗಡಿಗರು 1992ರಲ್ಲಿ ಅರಿಶಿನದಿಂದ ಟರ್ಮರಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿದರು. ನೀರಿನಲ್ಲಿ ಕರಗುವ, ಕಾಯಿಸಿದರೂ ಕೆಡದ ಈ ವಸ್ತು ಕೋಶಪೊರೆಯನ್ನೂ ಡಿಎನ್‌ಎಯನ್ನೂ ಉಗ್ರ ಆಮ್ಲಜನಕ ಕಣಗಳಿಂದಾಗುವ ಉತ್ಕರ್ಷಣದ ಹಾನಿಯಿಂದ ಕಾಯುತ್ತಿತ್ತು. ಮುಂದೆ ಕುಣಿಗಲ್ ದಾಟಿ ಹಾಸನದತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಬಿ.ಜಿ. ನಗರದ ಆದಿಚುಂಚನಗಿರಿ ಸಂಶೋಧನಾ ಸಂಸ್ಥೆಯಲ್ಲಿ ಈ ಕೆಲಸ ಬೆಳೆಯಿತು. ಒಗ್ಗರಣೆಗೆ ದಿನವೂ ಬೀಳುವ ಕರಿಬೇವಿನಿಂದ ಸುಮಾರು 35 ಕಿಲೋಡಾಲ್ಟನ್ ತೂಕದ ರಕ್ಷಕ ಪ್ರೋಟೀನೊಂದು 2008ರಲ್ಲಿ ವರದಿಯಾಯಿತು.

ತುಮಕೂರು ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗ ಜೋಳ, ಪುಂಡಿ ಬೀಜದಂಥವುಗಳ ಪ್ರೋಟೀನು ಸಾರವನ್ನು ಪರೀಕ್ಷಿಸಿದೆ. ಇಲ್ಲಿನ ವಿಧಾನ ಸರಳ: ಕೆಂಪು ರಕ್ತಕಣಕ್ಕೆ ಸೋಡಿಯಂ ನೈಟ್ರೈಟ್ ಬೆರೆಸಿದರೆ ಹಿಮೊಗ್ಲೋಬಿನ್ನಿನ ಕಬ್ಬಿಣ ಉತ್ಕರ್ಷಣಗೊಂಡು ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಬೀಜದ ಸಾರ ಜೊತೆಗಿದ್ದಾಗ ಹಾನಿ ಎಷ್ಟು ತಗ್ಗಿತೆಂದು ಅಳೆಯುತ್ತಾರೆ. ರಕ್ತ ಹೆಪ್ಪುಗಟ್ಟುವಿಕೆಯ ಮೇಲೆ ಇದೇ ಸಾರದ ಪ್ರಭಾವವನ್ನೂ ನೋಡಿರುವುದು ಈ ಕೆಲಸದ ಹೆಚ್ಚುಗಾರಿಕೆ, ಏಕೆಂದರೆ ಹಾಳಾದ ಒಳಪದರದ ಮೇಲೆ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ.

ಆದರೆ ರಕ್ತಕಣ ಒಳಪದರದ ಕೋಶವಲ್ಲ, ಪ್ರನಾಳ ದೇಹವಲ್ಲ. ತಿಂದ ಪ್ರೋಟೀನು ಬಹುಪಾಲು ಕರುಳಿನಲ್ಲೇ ಜೀರ್ಣವಾಗುತ್ತದೆ. 2000ದಲ್ಲಿ ಹೊರಬಂದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು. ಉತ್ಕರ್ಷಣವನ್ನು ತಡೆಯುವ ವಿಟಮಿನ್ ಇಯನ್ನು ನಾಲ್ಕೂವರೆ ವರ್ಷ ಸೇವಿಸಿದವರಿಗೂ ಹೃದಯಾಘಾತ, ಪಾರ್ಶ್ವವಾಯು ತಗ್ಗಲಿಲ್ಲ. ಕೋಶ ತನ್ನ ರಕ್ಷಕ ಕಿಣ್ವಗಳನ್ನು ತಾನೇ ಹೆಚ್ಚಿಸಿಕೊಳ್ಳುವಂತೆ ಮಾಡುವ ಎನ್‌ಆರ್‌ಎಫ್-2 ಪ್ರೋಟೀನಿನ ಕಡೆಗೆ ಈಗ ಜಗತ್ತಿನ ಗಮನ ಹೊರಳಿದೆ. ಅರಿಶಿನ, ಕರಿಬೇವು, ಜೋಳದ ಪ್ರೋಟೀನುಗಳನ್ನು ಔಷಧವೆನ್ನುವ ಮೊದಲು ಮನುಷ್ಯನ ಎಂಡೋಥೀಲಿಯಲ್ ಕೋಶಗಳ ಮೇಲೆ, ಅನಂತರ ರೋಗಿಗಳಲ್ಲಿ ಅವುಗಳ ಪರೀಕ್ಷೆ ನಡೆಯಲೇಬೇಕು.